‘ಟು-ಬಿ-ರಿಟನ್’ ಡ್ರೈವರ್‌ಗಾಗಿ ಕಾಯಬೇಡಿ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಆಫೀಸು ಇದೆ. ಫೈಲ್ ಇಡಲು, ಬ್ಯಾಕಪ್‌ಗೆ ಅಂತ ಸೆಕೆಂಡ್ ಹ್ಯಾಂಡ್ ಸರ್ವರ್ ಒಂದನ್ನು ತಂದಿದ್ದೇನೆ. ಜಿಯಾನ್ ಪ್ರೊಸೆಸರ್, ಡೆಬಿಯನ್ 12 ಲಿನಕ್ಸ್. ಬೇಸಿಗೆಯಲ್ಲಿ ಆ ರೂಮು ಕಾದ ಹೆಂಚಿನ ಹಾಗಿರುತ್ತದೆ. ಒಳಗಿನ ಬಿಸಿ, ಫ್ಯಾನ್ ಸ್ಪೀಡು ಗೊತ್ತಾಗಲಿ ಅಂತ ಎಲ್‌ಎಂ-ಸೆನ್ಸರ್ಸ್ ಹಾಕಿದೆ. ‘ಸೆನ್ಸರ್ಸ್’ ಅಂದರೆ ಕೋರ್‌ಗಳ ಟೆಂಪರೇಚರ್ ಮಾತ್ರ ಬರುತ್ತದೆ. ಫ್ಯಾನ್ ಇಲ್ಲ, ವೋಲ್ಟೇಜ್ ಇಲ್ಲ. ‘ಸೆನ್ಸರ್ಸ್-ಡಿಟೆಕ್ಟ್’ ಓಡಿಸಿದಾಗ ‘ಐಪಿಎಂಐ ಬಿಎಂಸಿ ಕೆಸಿಎಸ್’ ಸಿಕ್ಕಿತು, ಅದರ ಡ್ರೈವರ್ ‘ಟು-ಬಿ-ರಿಟನ್’ ಎಂದಿತು. ಆ ಹೆಸರು ಕೊಟ್ಟು ಮಾಡ್‌ಪ್ರೋಬ್ (ಡ್ರೈವರ್ ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್) ಮಾಡಿದರೆ ಅಂಥ ಮಾಡ್ಯೂಲೇ ಇಲ್ಲ ಅನ್ನುತ್ತದೆ. ಇನ್ನೊಂದು ತೊಂದರೆ. ಸದ್ದು ತಡೆಯಲಾರದೆ ಫ್ಯಾನ್ ತೆಗೆದು, ಸದ್ದಿಲ್ಲದ ದೊಡ್ಡ ಫ್ಯಾನ್ ಹಾಕಿಸಿದೆ. ಈಗ ಅರ್ಧ ನಿಮಿಷಕ್ಕೊಮ್ಮೆ ಎಲ್ಲ ಫ್ಯಾನ್‌ಗಳೂ ಭರ್ರ್ ಅಂತ ಏರುತ್ತವೆ, ಮತ್ತೆ ಇಳಿಯುತ್ತವೆ. ಸೆನ್ಸರ್ ಸರಿಯಾದರೆ ಇದೂ ನಿಲ್ಲುತ್ತದಾ?

ಉತ್ತರ: ನೀವು ಮಾಡ್‌ಪ್ರೋಬ್ ಮಾಡಿದ್ದು ಓದಿ ನಕ್ಕೆ, ಬೇಜಾರು ಮಾಡ್ಕೋಬೇಡಿ. ಬಹಳ ವರ್ಷಗಳ ಹಿಂದೆ ನಾನೂ ಅದನ್ನೇ ಮಾಡಿದ್ದೆ. ‘ಟು-ಬಿ-ರಿಟನ್’ ಮಾಡ್ಯೂಲಿನ ಹೆಸರಲ್ಲ. ‘ಇದಕ್ಕೆ ಡ್ರೈವರ್ ಇನ್ನೂ ಬರೆಯಬೇಕಿದೆ’ ಅಂತ ಎಲ್‌ಎಂ-ಸೆನ್ಸರ್ಸ್ ಬರೆದವರು ತಮಗೆ ತಾವೇ ಹಾಕಿಕೊಂಡ ಗುರುತು. ಎಷ್ಟೋ ವರ್ಷದಿಂದ ಹಾಗೇ ಇದೆ, ಅದಕ್ಕಾಗಿ ಕಾಯಬೇಡಿ. ಆದರೆ ಆ ಸಾಲಿನಲ್ಲೇ ನಿಮ್ಮ ಉತ್ತರವೂ ಇದೆ. ನಿಮ್ಮ ಬೋರ್ಡಿನಲ್ಲಿ ಬಿಎಂಸಿ, ಅಂದರೆ ಸರ್ವರ್‌ನ ಉಸ್ತುವಾರಿ ನೋಡುವ ಬೇರೆಯೇ ಚಿಪ್, ಇದೆ. ಫ್ಯಾನ್ ಮತ್ತು ವೋಲ್ಟೇಜ್ ಸೆನ್ಸರ್‌ಗಳು ಅದರ ಕೈಯಲ್ಲಿವೆ, ಲಿನಕ್ಸ್ ಕೈಯಲ್ಲಲ್ಲ. ಅದನ್ನು ಮಾತಾಡಿಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಆಗಲೇ ಇದೆ. ಅದರ ಬಾಗಿಲು ಬೇರೆ, ಅಷ್ಟೇ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಿರಿ.

ಮನೆಯ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡ್ ಮೇಲೆ ಸೂಪರ್ ಐಒ ಅಂತ ಒಂದು ಚಿಕ್ಕ ಚಿಪ್ ಇರುತ್ತದೆ. ಕೀಬೋರ್ಡು, ಸೀರಿಯಲ್ ಪೋರ್ಟಿನಂಥ ಹಳೇ ಕೆಲಸಗಳ ಜೊತೆ ಫ್ಯಾನ್ ಎಣಿಸುವುದು, ವೋಲ್ಟೇಜ್ ಅಳೆಯುವುದೂ ಅದರದ್ದೇ ಕೆಲಸ. ಎಲ್‌ಎಂ-ಸೆನ್ಸರ್ಸ್ ಹುಟ್ಟಿದ್ದು ಇಂಥ ಚಿಪ್‌ಗಳಿಗಾಗಿ. 1998ರಲ್ಲಿ ಶುರುವಾದ ಯೋಜನೆ ಅದು. ಹೆಸರಿನ ‘ಎಲ್‌ಎಂ’ ಬಂದದ್ದು ಆಗಿನ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ75, ಎಲ್‌ಎಂ78 ಚಿಪ್‌ಗಳಿಂದ. ಸರ್ವರ್ ಕಥೆ ಬೇರೆ. ಅಲ್ಲಿ ಬೋರ್ಡಿನ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರೇ ಕೂತಿರುತ್ತದೆ. ಅದೇ ಬಿಎಂಸಿ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ, ಎಷ್ಟೋ ಬಾರಿ ತನ್ನದೇ ಲ್ಯಾನ್ ಪೋರ್ಟು. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಅದು ಎಚ್ಚರವಾಗಿರುತ್ತದೆ. ಲಿನಕ್ಸ್ ಕ್ರ್ಯಾಶ್ ಆದರೂ ಫ್ಯಾನ್ ನಿಲ್ಲಬಾರದಲ್ವಾ? ಅದಕ್ಕೇ ಫ್ಯಾನ್‌ಗಳ ಉಸ್ತುವಾರಿಯನ್ನು ಅದಕ್ಕೆ ಕೊಟ್ಟಿರುತ್ತಾರೆ.

ಇದು ನಿಮ್ಮಲ್ಲಿ ಇದೆಯೇ ಅಂತ ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕೆಂದರೆ ‘ಎಲ್‌ಎಸ್‌ಪಿಸಿಐ’ ಹೊಡೆದು ವಿಜಿಎ ಸಾಲು ನೋಡಿ. ‘ಆಸ್ಪೀಡ್ ಟೆಕ್ನಾಲಜಿ’ ಅಂತ ಇದ್ದರೆ ಮುಗಿಯಿತು. ಆಸ್ಪೀಡ್‌ನ ಎಎಸ್‌ಟಿ2400, ಎಎಸ್‌ಟಿ2500 ಚಿಪ್‌ಗಳು ಬಿಎಂಸಿ ಕೆಲಸಕ್ಕೆಂದೇ ಮಾಡಿದವು. ಮಾನಿಟರ್‌ಗೆ ಚಿತ್ರ ಕೊಡುವ ಪುಟ್ಟ ಗ್ರಾಫಿಕ್ಸೂ ಅದರೊಳಗೇ ಇರುತ್ತದೆ. ಅಂದರೆ ಇಷ್ಟು ದಿನ ನೀವು ಸ್ಕ್ರೀನ್ ನೋಡುತ್ತಿದ್ದದ್ದೇ ಬಿಎಂಸಿ ಮೂಲಕ!

ಈಗ ಕೆಲಸ. ‘ಆಪ್ಟ್ ಇನ್‌ಸ್ಟಾಲ್ ಐಪಿಎಂಐಟೂಲ್’ ಮಾಡಿ. ಐಪಿಎಂಐ ಅನ್ನುವುದು ಬಿಎಂಸಿಯ ಜೊತೆ ಮಾತಾಡುವ ಭಾಷೆ. ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಕಂಪನಿಗಳು ಸೇರಿ 1998ರಲ್ಲಿ ತಂದದ್ದು, 2.0 ಆವೃತ್ತಿ 2004ರದ್ದು. ಆಮೇಲೆ ರೂಟ್ ಆಗಿ ‘ಐಪಿಎಂಐಟೂಲ್ ಎಸ್‌ಡಿಆರ್’ ಹೊಡೆಯಿರಿ. ಮೊದಲ ಸಲ ಬಹುಶಃ ‘ಡೆವ್ ಐಪಿಎಂಐ0 ತೆರೆಯಲಾಗಲಿಲ್ಲ’ ಅಂತ ಗೊಣಗುತ್ತದೆ. ಗಾಬರಿ ಬೇಡ. ಎರಡು ಮಾಡ್ಯೂಲ್ ಬೇಕು. ‘ಐಪಿಎಂಐ_ಎಸ್‌ಐ’ ಬಿಎಂಸಿಯ ಜೊತೆ ಮಾತಾಡುತ್ತದೆ. ‘ಐಪಿಎಂಐ_ಡೆವ್‌ಇಂಟ್‌ಎಫ್’ ಆ ಮಾತನ್ನು ನಿಮ್ಮ ಪ್ರೋಗ್ರಾಂಗಳಿಗೆ ಒಂದು ಡಿವೈಸ್ ಫೈಲಾಗಿ ಒದಗಿಸುತ್ತದೆ. ಮೊದಲನೆಯದು ಸಾಮಾನ್ಯವಾಗಿ ತಾನೇ ಬಂದಿರುತ್ತದೆ, ಎರಡನೆಯದನ್ನೇ ಜನ ಮರೆಯುವುದು. ಎರಡನ್ನೂ ಮಾಡ್‌ಪ್ರೋಬ್ ಮಾಡಿ. ರೀಬೂಟ್ ಆದ ಮೇಲೂ ಉಳಿಯಬೇಕಾದರೆ ಇಟಿಸಿಯ ‘ಮಾಡ್ಯೂಲ್ಸ್-ಲೋಡ್.ಡಿ’ ಫೋಲ್ಡರಿನಲ್ಲಿ ‘ಐಪಿಎಂಐ.ಕಾನ್ಫ್’ ಅಂತ ಒಂದು ಫೈಲ್ ಮಾಡಿ, ಸಾಲಿಗೊಂದರಂತೆ ಎರಡು ಹೆಸರು ಬರೆದಿಡಿ. ಇಷ್ಟಾದರೂ ಬರದಿದ್ದರೆ ‘ಡಿಮೆಸೇಜ್’ನಲ್ಲಿ (dmesg, ಕರ್ನಲ್‌ನ ಸಂದೇಶಗಳ ಪಟ್ಟಿ) ಐಪಿಎಂಐ ಅಂತ ಹುಡುಕಿ. ಬಿಎಂಸಿಯೇ ಹ್ಯಾಂಗ್ ಆಗಿದ್ದರೆ ಸರ್ವರ್ ಶಟ್‌ಡೌನ್ ಮಾಡಿ, ಪವರ್ ಕೇಬಲ್ಲನ್ನೇ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಸುಮ್ನೆ ರೀಬೂಟ್ ಮಾಡಿದರೆ ಬಿಎಂಸಿ ರೀಬೂಟ್ ಆಗುವುದಿಲ್ಲ, ಅದು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ.

ಎಲ್ಲ ಸರಿಯಾದಾಗ ಸಾಲುಸಾಲು ಬರುತ್ತದೆ. ಎಡಗಡೆ ಹೆಸರು, ನಡುವೆ ಅಳತೆ, ಬಲಗಡೆ ಸ್ಥಿತಿ. ‘ಸಿಪಿಯು ಟೆಂಪ್, 41 ಡಿಗ್ರಿ, ಓಕೆ’. ‘ಸಿಸ್ಟಮ್ ಟೆಂಪ್, 36, ಓಕೆ’. ಆಮೇಲೆ ಫ್ಯಾನ್‌ಗಳು, ಮೆಮೊರಿ ಸ್ಲಾಟ್‌ಗಳು, 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್, ಕೊನೆಗೆ ವಿಬ್ಯಾಟ್. ಬಲಗಡೆ ‘ಎನ್‌ಎಸ್’ ಅಂತ ಇದ್ದರೆ ರೀಡಿಂಗ್ ಇಲ್ಲ ಅಂತ ಅರ್ಥ. ಖಾಲಿ ಸ್ಲಾಟಿಗೆ, ಫ್ಯಾನ್ ಚುಚ್ಚದ ಹೆಡರ್‌ಗೆ ಅದೇ ಬರುತ್ತದೆ, ಅದು ತಪ್ಪಲ್ಲ. ‘ಎನ್‌ಸಿ’, ‘ಸಿಆರ್’, ‘ಎನ್‌ಆರ್’ ಕಂಡರೆ ಮಾತ್ರ ಎದ್ದು ಕೂರಿ. ಅಳತೆ ಮಿತಿ ದಾಟಿದೆ ಅಂತ. ಎನ್‌ಸಿ ಅಂದರೆ ಎಚ್ಚರಿಕೆ, ಸಿಆರ್ ಅಂದರೆ ಗಂಭೀರ, ಎನ್‌ಆರ್ ಅಂದರೆ ಕೈಮೀರಿದೆ.

ಸ್ವಲ್ಪ ಹೊತ್ತು ನೋಡುತ್ತಾ ಕೂತರೆ ನಿಮಗೊಂದು ವಿಚಿತ್ರ ಕಾಣುತ್ತದೆ. ಫ್ಯಾನ್ ಸ್ಪೀಡು 400, 500, 600 ಅಂತ ಹಾರುತ್ತದೆ. 437 ಅಂತ ಎಂದೂ ಬರುವುದಿಲ್ಲ. ಇದು ಕೆಟ್ಟ ಸೆನ್ಸರ್ ಅಲ್ಲ. ಐಪಿಎಂಐಯಲ್ಲಿ ಇಂಥ ಸೆನ್ಸರ್‌ನ ಅಳತೆ ಒಂದೇ ಒಂದು ಬೈಟ್‌ನಲ್ಲಿ ಬರುತ್ತದೆ, ಅಂದರೆ 0ಯಿಂದ 255ರ ಒಳಗಿನ ಒಂದು ಸಂಖ್ಯೆ. ಅದನ್ನು ಎಷ್ಟರಿಂದ ಗುಣಿಸಬೇಕು, ಎಷ್ಟು ಕೂಡಿಸಬೇಕು ಅಂತ ಎಸ್‌ಡಿಆರ್ ಎಂಬ ದಾಖಲೆಯಲ್ಲಿ ಬೋರ್ಡ್ ಮಾಡಿದವರು ಬರೆದಿಟ್ಟಿರುತ್ತಾರೆ. ಗುಣಕ 100 ಆಗಿದ್ದರೆ ಆರ್‌ಪಿಎಂ ನೂರುನೂರೇ ಜಿಗಿಯಬೇಕು, ಬೇರೆ ದಾರಿಯೇ ಇಲ್ಲ. ಸಾಮಾನು ತೂಗುವ ತಕ್ಕಡಿಯಲ್ಲಿ ಚಿಕ್ಕ ತೂಕದ ಕಲ್ಲೇ ಇಲ್ಲದ ಹಾಗೆ. ಈ ನೂರರ ಜಿಗಿತವನ್ನು ನೆನಪಿಡಿ, ನಿಮ್ಮ ಎರಡನೇ ಪ್ರಶ್ನೆಗೆ ಬೇಕಾಗುತ್ತದೆ.

ಅಂದ ಹಾಗೆ ಇಡೀ ಪಟ್ಟಿ ಬರಲು ಕೆಲವು ಸೆಕೆಂಡ್ ಹಿಡಿಯಬಹುದು. ನೀವು ಕಂಡ ‘ಕೆಸಿಎಸ್’ ಅಂದರೆ ಕೀಬೋರ್ಡ್ ಕಂಟ್ರೋಲರ್ ಸ್ಟೈಲ್. ಹಳೇ ಕೀಬೋರ್ಡ್ ಚಿಪ್‌ನ ಜೊತೆ ಮಾತಾಡುತ್ತಿದ್ದ ರೀತಿಯಲ್ಲೇ ಒಂದೊಂದು ಬೈಟ್ ಕೊಟ್ಟು ತಗೊಳ್ಳುವ ದಾರಿ ಅದು. ಎತ್ತಿನ ಗಾಡಿ. ಕೆಲವು ಯಂತ್ರಗಳಲ್ಲಿ ‘ಟಾಪ್’ ನೋಡಿದರೆ ‘ಕೆಐಪಿಎಂಐ0’ ಎಂಬ ಥ್ರೆಡ್ ಸಿಪಿಯು ತಿನ್ನುತ್ತಾ ಕೂತಿರುತ್ತದೆ. ಅದು ಎಲ್ಲರಿಗಿಂತ ಕೆಳಗಿನ ಆದ್ಯತೆಯಲ್ಲಿ ಓಡುವುದರಿಂದ ಬೇರೆ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಕಣ್ಣಿಗೆ ಕಿರಿಕಿರಿ ಅನಿಸಿದರೆ ಐಪಿಎಂಐ_ಎಸ್‌ಐ ಮಾಡ್ಯೂಲಿಗೆ ‘ಕೆಐಪಿಎಂಐಡಿ_ಮ್ಯಾಕ್ಸ್_ಬ್ಯುಸಿ_ಯುಎಸ್’ ಅನ್ನುವ ಆಯ್ಕೆ ಇದೆ, 100 ಕೊಡಿ. ಅದಕ್ಕಿಂತ ಮುಖ್ಯ, ಐದು ಸೆಕೆಂಡಿಗೊಮ್ಮೆ ಐಪಿಎಂಐಟೂಲ್ ಓಡಿಸುವ ಸ್ಕ್ರಿಪ್ಟ್ ಬರೆಯಬೇಡಿ. ನಿಮಿಷಕ್ಕೊಮ್ಮೆ ಸಾಕು.

ಈಗ ಆ ಭರ್ರ್ ಸದ್ದು. ಸೆನ್ಸರ್ ಲಿನಕ್ಸ್‌ಗೆ ಕಂಡ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆದರೆ ನಿಲ್ಲಿಸುವ ದಾರಿ ಐಪಿಎಂಐಟೂಲ್‌ನಲ್ಲೇ ಇದೆ. ‘ಐಪಿಎಂಐಟೂಲ್ ಸೆನ್ಸರ್’ ಅಂತ ಹೊಡೆಯಿರಿ. ಎಸ್‌ಡಿಆರ್‌ನಷ್ಟೇ ಸಾಲುಗಳು, ಆದರೆ ಪ್ರತಿ ಸಾಲಿನ ಕೊನೆಗೆ ಆರು ಸಂಖ್ಯೆಗಳು ಜಾಸ್ತಿ. ಮೊದಲ ಮೂರು ಕೆಳಗಿನ ಮಿತಿಗಳು, ಉಳಿದ ಮೂರು ಮೇಲಿನವು. ಫ್ಯಾನ್ ಸಾಲಿನಲ್ಲಿ ಕೆಳಮಿತಿ 300, 500, 700 ಅಂತಲೋ ಅದರ ಆಸುಪಾಸಿನಲ್ಲೋ ಇದ್ದರೆ ನಿಮ್ಮ ಕಳ್ಳ ಸಿಕ್ಕ.

ನಡೆಯುತ್ತಿರುವುದು ಇಷ್ಟು. ಸರ್ವರ್ ಫ್ಯಾನ್‌ಗಳು ಸಾವಿರಾರು ಆರ್‌ಪಿಎಂನಲ್ಲಿ ಚೀರುತ್ತಾ ಓಡುವವು. ಅವು 500ಕ್ಕೆ ಇಳಿದವು ಅಂದರೆ ಬೇರಿಂಗ್ ಹೋಗಿದೆ ಅಂತಲೇ ಲೆಕ್ಕ. ಮಿತಿ ಹಾಕಿದವರ ತಲೆಯಲ್ಲಿ ಇದ್ದದ್ದು ಅಂಥ ಫ್ಯಾನು. ನೀವು ಹಾಕಿದ ದೊಡ್ಡ ಫ್ಯಾನ್ ಕೆಲಸ ಇಲ್ಲದಾಗ 450ರಲ್ಲಿ ಆರಾಮಾಗಿ ತಿರುಗುತ್ತದೆ. ಬಿಎಂಸಿಗೆ ಅದು 400 ಅಂತ ಕಾಣುತ್ತದೆ, ನೂರರ ಜಿಗಿತ ನೆನಪಿದೆಯಲ್ಲ? 400 ಅಂದರೆ 500ರ ಕೆಳಗೆ, ಅಂದರೆ ‘ಗಂಭೀರ’. ಒಂದು ಫ್ಯಾನ್ ಸಾಯುತ್ತಿದೆ ಅಂದುಕೊಂಡ ಬಿಎಂಸಿ ಎಲ್ಲ ಫ್ಯಾನ್‌ಗಳನ್ನೂ ಪೂರ್ತಿ ವೇಗಕ್ಕೆ ಏರಿಸುತ್ತದೆ. ಆಗ ಈ ಫ್ಯಾನೂ ಏರುತ್ತದೆ, 1,400 ಮುಟ್ಟುತ್ತದೆ. ‘ಓ, ಬದುಕಿತು’ ಅಂತ ಬಿಎಂಸಿ ಎಲ್ಲವನ್ನೂ ಇಳಿಸುತ್ತದೆ. ಮತ್ತೆ 400. ಮತ್ತೆ ಭರ್ರ್. ಬೆಳಗಿನ ತನಕ ಇದೇ ಆಟ.

ಹಾಗಾಗಿ ಮಿತಿ ಇಳಿಸಬೇಕು. ‘ಐಪಿಎಂಐಟೂಲ್ ಸೆನ್ಸರ್ ಥ್ರೆಶ್ ಫ್ಯಾನ್1 ಲೋಯರ್ 100 200 300’. ಫ್ಯಾನ್1 ಇದ್ದ ಕಡೆ ನಿಮ್ಮ ಪಟ್ಟಿಯಲ್ಲಿ ಇರುವ ಹೆಸರನ್ನೇ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ, ಕೊಡಿ. ಹೆಸರಿನ ನಡುವೆ ಜಾಗ ಇದ್ದರೆ ಕೋಟ್ ಹಾಕಿ. ಮೂರು ಸಂಖ್ಯೆಗಳ ಕ್ರಮ ಮುಖ್ಯ. ಮೊದಲು ಕೈಮೀರಿದ ಮಿತಿ, ಆಮೇಲೆ ಗಂಭೀರ, ಕೊನೆಗೆ ಎಚ್ಚರಿಕೆ. ಚಿಕ್ಕದರಿಂದ ದೊಡ್ಡದಕ್ಕೆ. ಬದಲಿಸಿದ ಪ್ರತಿ ಫ್ಯಾನ್‌ಗೂ ಮಾಡಿ. ಎಷ್ಟು ಇಳಿಸಬೇಕು ಅನ್ನುವುದಕ್ಕೆ ಫ್ಯಾನಿನ ಡಬ್ಬಿ ಮೇಲೆ ಬರೆದ ಅತಿ ಕಡಿಮೆ ವೇಗ ನೋಡಿ, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ಎಚ್ಚರಿಕೆ ಮಿತಿ ಇರಲಿ. ಮೂರನ್ನೂ ಸೊನ್ನೆ ಮಾಡಿಬಿಡುವುದು ಸುಲಭ, ಆದರೆ ಬೇಡ. ಫ್ಯಾನ್ ನಿಜವಾಗಿ ನಿಂತಾಗ ಸೊನ್ನೆ ಬರುತ್ತದೆ. ಮಿತಿ 100 ಇದ್ದರೆ ಬಿಎಂಸಿಗೆ ಅದು ಗೊತ್ತಾಗುತ್ತದೆ, ಸೊನ್ನೆ ಇದ್ದರೆ ಗೊತ್ತಾಗದೇ ಹೋಗಬಹುದು.

ಕೊಟ್ಟ ಮೇಲೆ ಮತ್ತೆ ‘ಐಪಿಎಂಐಟೂಲ್ ಸೆನ್ಸರ್’ ಹೊಡೆದು ಸಂಖ್ಯೆ ನಿಜವಾಗಿ ಬದಲಾಗಿದೆಯೇ ನೋಡಿ. ಕೆಲವು ಬಿಎಂಸಿಗಳು ‘ಆಯ್ತು’ ಅಂದು ಏನೂ ಮಾಡದೆ ಕೂರುತ್ತವೆ. ಪವರ್ ಕಿತ್ತು ಹಾಕಿದ ಮೇಲೂ, ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೂ ಒಮ್ಮೆ ನೋಡಿಕೊಳ್ಳಿ. ಹಳೇ ಮಿತಿ ವಾಪಸ್ ಬಂದಿರಬಹುದು. ಇದೇ ಹುಡುಕಾಟದಲ್ಲಿ ನಿಮಗೆ ‘ಐಪಿಎಂಐಟೂಲ್ ರಾ’ ಅಂತ ಶುರುವಾಗಿ ಮುಂದೆ ಬರೀ ಸಂಖ್ಯೆಗಳಿರುವ ಮಂತ್ರಗಳೂ ಸಿಗುತ್ತವೆ. ಅವು ಒಂದೊಂದು ಬೋರ್ಡಿಗೆ ಒಂದೊಂದು. ಬೇರೆಯವರ ಬೋರ್ಡಿನದ್ದನ್ನು ತಂದು ನಿಮ್ಮದರಲ್ಲಿ ಹೊಡೆಯಬೇಡಿ. ಹಾಗೆಯೇ ಎಲ್‌ಎಂ-ಸೆನ್ಸರ್ಸ್ ಜೊತೆಗಿನ ‘ಫ್ಯಾನ್‌ಕಂಟ್ರೋಲ್’ ಕೂಡ ನಿಮಗೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಫ್ಯಾನ್ ಲಿನಕ್ಸ್‌ನ ಕೈಯಲ್ಲಿರಬೇಕು.

ಮುಂದಿನ ಪತ್ರದಲ್ಲಿ ನೀವು ಕೇಳುವ ಪ್ರಶ್ನೆಯನ್ನು ಈಗಲೇ ಮುಗಿಸುತ್ತೇನೆ. ‘ಸೆನ್ಸರ್ಸ್’ 46 ಡಿಗ್ರಿ ಅನ್ನುತ್ತದೆ, ಬಿಎಂಸಿ 41 ಅನ್ನುತ್ತದೆ, ಯಾವುದು ಸರಿ? ಎರಡೂ ಸರಿ. ‘ಕೋರ್‌ಟೆಂಪ್’ ಡ್ರೈವರ್ ಪ್ರತಿ ಕೋರ್‌ನೊಳಗಿನ ಸೆನ್ಸರನ್ನು ಆ ಕ್ಷಣಕ್ಕೆ ಓದುತ್ತದೆ. ಬಿಎಂಸಿ ಪ್ರೊಸೆಸರ್‌ನಿಂದ ಪಿಇಸಿಐ ಎಂಬ ಒಂದು ತಂತಿಯ ಮೂಲಕ ಕೇಳುತ್ತದೆ, ಅಲ್ಲಿ ಬರುವುದು ಸ್ವಲ್ಪ ಹೊತ್ತಿನ ಸರಾಸರಿ. ಇನ್ನೂ ಒಂದು ಗುಟ್ಟು. ಇಂಟೆಲ್ ಪ್ರೊಸೆಸರ್‌ನ ಈ ಸೆನ್ಸರ್ ಬಿಸಿಯನ್ನು ನೇರ ಹೇಳುವುದಿಲ್ಲ. ‘ಗರಿಷ್ಠಕ್ಕೆ ಇನ್ನೆಷ್ಟು ಡಿಗ್ರಿ ಬಾಕಿ’ ಅಂತ ಹೇಳುತ್ತದೆ. ಡ್ರೈವರ್ ಅದನ್ನು ಗರಿಷ್ಠದಿಂದ ಕಳೆದು ತೋರಿಸುತ್ತದೆ. ಹಾಗಾಗಿ ಗರಿಷ್ಠದ ಹತ್ತಿರ ಅದು ನಂಬಿಕಸ್ಥ, ತಣ್ಣಗಿದ್ದಾಗ ನಾಲ್ಕೈದು ಡಿಗ್ರಿ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಕೋರ್ ನಂಬರ್‌ಗಳು 0, 1, 2 ಆಗಿ ಒಮ್ಮೆಗೇ 8, 9 ಅಂತ ಹಾರಿದರೂ ಕೋರ್ ಕಳೆದುಹೋಗಿಲ್ಲ, ಜಿಯಾನ್‌ಗಳಲ್ಲಿ ಅದು ಮಾಮೂಲು.

ಇನ್ನು ಸೆನ್ಸರ್ಸ್-ಡಿಟೆಕ್ಟ್ ಬಗ್ಗೆ ಒಂದು ಎಚ್ಚರಿಕೆ. ಅದು ಪ್ರಶ್ನೆ ಕೇಳುತ್ತಾ ಹೋಗುತ್ತದೆ. ದೊಡ್ಡಕ್ಷರದಲ್ಲಿ ತೋರಿಸಿದ ಉತ್ತರವೇ ಸುರಕ್ಷಿತ, ಅಂದರೆ ಬರೀ ಎಂಟರ್ ಒತ್ತಿದರೆ ಸಾಕು. ಕೊನೆಯಲ್ಲಿ ಐ2ಸಿ, ಎಸ್‌ಎಂಬಸ್ (ಬೋರ್ಡಿನ ಚಿಪ್‌ಗಳು ತಮ್ಮೊಳಗೆ ಮಾತಾಡುವ ತಂತಿಗಳು) ಸ್ಕ್ಯಾನ್ ಮಾಡಲೇ ಅಂತ ಕೇಳಿದಾಗ, ಬಿಎಂಸಿ ಇರುವ ಸರ್ವರ್‌ನಲ್ಲಿ ನಾನು ‘ಬೇಡ’ ಅನ್ನುತ್ತೇನೆ. ಎಷ್ಟೋ ಬೋರ್ಡ್‌ಗಳಲ್ಲಿ ಬಿಎಂಸಿಯೂ ಅದೇ ತಂತಿಯ ಮೇಲೆ ಮಾತಾಡುತ್ತಿರುತ್ತದೆ. ಇಬ್ಬರು ಒಟ್ಟಿಗೆ ಬಾಯಿ ಹಾಕಿದರೆ ಇಬ್ಬರಿಗೂ ತಪ್ಪು ಕೇಳಿಸುತ್ತದೆ. ಇದು ಬರೀ ಭಯವಲ್ಲ. ಹಿಂದೆ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಈ ಸ್ಕ್ಯಾನ್‌ನಿಂದಾಗಿ 24ಆರ್‌ಎಫ್08 ಎಂಬ ಈಈಪ್ರಾಮ್ ಚಿಪ್ ಕೆಟ್ಟು, ಲ್ಯಾಪ್‌ಟಾಪ್ ಬೂಟ್ ಆಗದ ಹಾಗಾಗಿತ್ತು. ಬಿಸಿ ನೋಡಲು ಹೋಗಿ ಯಂತ್ರವೇ ತಣ್ಣಗಾದ ಕಥೆ. ಆಮೇಲೆ ಅಂಥ ಯಂತ್ರಗಳಲ್ಲಿ ಸ್ಕ್ಯಾನ್ ಮಾಡದಂತೆ ತಡೆ ಹಾಕಿದರು.

ನಿಮ್ಮ ಪ್ರಶ್ನೆಯಲ್ಲಿ ಡಿಸ್ಕ್ ಮಾತೇ ಇಲ್ಲ. ಫೈಲ್ ಸರ್ವರ್‌ನಲ್ಲಿ ನಾನು ಮೊದಲು ನೋಡುವುದೇ ಅದನ್ನು. ಬಿಎಂಸಿಗೆ ಸಾಮಾನ್ಯವಾಗಿ ಸಾಟಾ ಡಿಸ್ಕ್‌ನ ಬಿಸಿ ಗೊತ್ತಿರುವುದಿಲ್ಲ. ಮೊದಲೆಲ್ಲ ಇದಕ್ಕೆ ‘ಎಚ್‌ಡಿಡಿಟೆಂಪ್’ ಬಳಸುತ್ತಿದ್ದೆವು, ಡೆಬಿಯನ್ 12ರಲ್ಲಿ ಅದು ಇಲ್ಲ. ಬದಲಿಗೆ 2020ರಲ್ಲಿ ಬಂದ 5.6 ಕರ್ನಲ್‌ನಿಂದ ಈಚೆಗೆ ‘ಡ್ರೈವ್‌ಟೆಂಪ್’ ಮಾಡ್ಯೂಲ್ ಇದೆ. ನಿಮ್ಮದು 6.1, ಧಾರಾಳವಾಗಿ ಸಿಗುತ್ತದೆ. ‘ಮಾಡ್‌ಪ್ರೋಬ್ ಡ್ರೈವ್‌ಟೆಂಪ್’ ಮಾಡಿ ‘ಸೆನ್ಸರ್ಸ್’ ಹೊಡೆದರೆ ಪ್ರತಿ ಸಾಟಾ ಡಿಸ್ಕೂ ಒಂದೊಂದು ಸೆನ್ಸರಾಗಿ ಎದ್ದು ನಿಲ್ಲುತ್ತದೆ. ಎನ್‌ವಿಎಂಇ ಆದರೆ ಏನೂ ಮಾಡಬೇಕಿಲ್ಲ, ತಾನೇ ಬರುತ್ತದೆ. ಎರಡು ತಕರಾರು. ಕೆಲಸ ಇಲ್ಲದಾಗ ಡಿಸ್ಕ್ ತಿರುಗುವುದನ್ನು ನಿಲ್ಲಿಸುವಂತೆ ನೀವು ಇಟ್ಟಿದ್ದರೆ, ಕೆಲವು ಡಿಸ್ಕ್‌ಗಳಲ್ಲಿ ಪದೇಪದೇ ಬಿಸಿ ಕೇಳುವುದರಿಂದಲೇ ಅದು ನಿಲ್ಲದೆ ಹೋಗಬಹುದು. ಇನ್ನೊಂದು, ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ರೇಡ್ ಕಾರ್ಡಿನ ಹಿಂದೆ ಇರುವ ಡಿಸ್ಕ್‌ಗಳು ಲಿನಕ್ಸ್‌ಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಲ್ಲಿ ಡಿಸ್ಕ್‌ನ ಆರೋಗ್ಯ ನೋಡುವ ‘ಸ್ಮಾರ್ಟ್‌ಸಿಟಿಎಲ್’ ಕಮಾಂಡಿಗೆ ಕಾರ್ಡಿನ ಬಗೆ ಹೇಳಿ, ಉದಾಹರಣೆಗೆ ‘-ಡಿ ಮೆಗಾರೇಡ್,0’ ಅಂತ ಕೊಟ್ಟು ಒಂದೊಂದನ್ನೇ ಕೇಳಬೇಕು.

ಬಿಎಂಸಿ ಇಲ್ಲದ ಮಾಮೂಲಿ ಡೆಸ್ಕ್‌ಟಾಪ್ ಬೋರ್ಡನ್ನೇ ಸರ್ವರ್ ಮಾಡಿಕೊಂಡವರು ಇದನ್ನು ಓದುತ್ತಿದ್ದರೆ ಅವರಿಗೂ ನಾಲ್ಕು ಮಾತು. ನಿಮ್ಮ ಸೂಪರ್ ಐಒ ಹೆಚ್ಚಾಗಿ ನುವೋಟಾನ್‌ದು ಅಥವಾ ಐಟಿಇದು ಆಗಿರುತ್ತದೆ. ಮೊದಲನೆಯದಕ್ಕೆ ‘ಎನ್‌ಸಿಟಿ6775’ ಮಾಡ್ಯೂಲು, ಎರಡನೆಯದಕ್ಕೆ ‘ಐಟಿ87’. ಚಿಪ್ ಮೇಲೆ ಬೇರೆ ನಂಬರ್ ಇದ್ದರೂ ಒಂದೇ ಮಾಡ್ಯೂಲ್ ಒಂದು ಕುಟುಂಬವನ್ನೇ ನೋಡಿಕೊಳ್ಳುತ್ತದೆ. ಮಾಡ್ಯೂಲ್ ಹಾಕಿದಾಗ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಅಂತ ಬಂದು, ಡಿಮೆಸೇಜ್‌ನಲ್ಲಿ ಎಸಿಪಿಐ (ಯಂತ್ರದ ಭಾಗಗಳ ಬಗ್ಗೆ ಬಯಾಸ್ ಲಿನಕ್ಸ್‌ಗೆ ಕೊಡುವ ವಿವರ) ಜೊತೆ ಜಗಳ ಕಂಡರೆ, ಬಯಾಸ್ ಆ ಚಿಪ್ಪನ್ನು ತನ್ನದು ಅಂತ ಹಿಡಿದಿಟ್ಟುಕೊಂಡಿದೆ. 2009ರ 2.6.31 ಕರ್ನಲ್‌ನಿಂದ ಹೀಗೆ ತಡೆಯುವುದೇ ರೂಢಿ. ಬೂಟ್ ಸಾಲಿಗೆ ‘ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್’ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುತ್ತದೆ, ನಿಜ. ಆದರೆ ಬಯಾಸೂ ಲಿನಕ್ಸೂ ಒಟ್ಟಿಗೆ ಒಂದೇ ಚಿಪ್‌ಗೆ ಕೈ ಹಾಕುವ ಅಪಾಯ ಇದ್ದೇ ಇದೆ. ಮನೆಯ ಯಂತ್ರದಲ್ಲಿ ನಾನು ಹಾಕಿದ್ದೇನೆ, ಇನ್ನೊಬ್ಬರ ಲೆಕ್ಕಪತ್ರ ಇರುವ ಯಂತ್ರದಲ್ಲಿ ಹಾಕಿಲ್ಲ.

ಹಾಗೆ ಸಿಕ್ಕ ಸಂಖ್ಯೆಗಳನ್ನು ಹಾಗೇ ನಂಬುವಂತಿಲ್ಲ. ಒಮ್ಮೆ ರಾತ್ರಿ ಹನ್ನೊಂದಕ್ಕೆ ಮನೆಯಿಂದ ಲಾಗಿನ್ ಆಗಿ ನೋಡಿದರೆ ಒಂದು ಟೆಂಪರೇಚರ್ 127 ಡಿಗ್ರಿ. ಸ್ಕೂಟರ್ ತೆಗೆದುಕೊಂಡು ಆಫೀಸಿಗೆ ಓಡಿದೆ. ಡಬ್ಬಿ ಮುಟ್ಟಿದರೆ ತಣ್ಣಗಿದೆ! ಚಿಪ್‌ನಲ್ಲಿ ಸೆನ್ಸರ್‌ಗೆಂದು ಕಾಲುಗಳು ಬಹಳ ಇರುತ್ತವೆ, ಬೋರ್ಡ್ ಮಾಡಿದವರು ಎಲ್ಲಕ್ಕೂ ತಂತಿ ಎಳೆದಿರುವುದಿಲ್ಲ. ಏನೂ ಜೋಡಿಸದ ಕಾಲು 127, ಇಲ್ಲವೇ ಸೊನ್ನೆಗಿಂತ ಕೆಳಗಿನ ಯಾವುದೋ ಸಂಖ್ಯೆ ಹೇಳುತ್ತದೆ. ಯಂತ್ರಕ್ಕೆ ಎಷ್ಟು ಕೆಲಸ ಕೊಟ್ಟರೂ ಅಲ್ಲಾಡದ ಅಂಕಿ ಕಂಡರೆ ಅದು ಸೆನ್ಸರಲ್ಲ. ಇಟಿಸಿಯ ‘ಸೆನ್ಸರ್ಸ್.ಡಿ’ ಫೋಲ್ಡರಿನಲ್ಲಿ ಒಂದು ಫೈಲ್ ಮಾಡಿ, ಚಿಪ್ ಹೆಸರು ಬರೆದು, ಅದರ ಕೆಳಗೆ ‘ಇಗ್ನೋರ್’ ಅಂತ ಹಾಕಿ ಅದರ ಬಾಯಿ ಮುಚ್ಚಿಸಿ.

ವೋಲ್ಟೇಜ್ ಕೂಡ ಹೀಗೇ. ನುವೋಟಾನ್ ಚಿಪ್‌ಗಳು ಸುಮಾರು 2 ವೋಲ್ಟ್‌ವರೆಗೆ ಮಾತ್ರ ಅಳೆಯಬಲ್ಲವು, ಅದೂ 8 ಮಿಲಿವೋಲ್ಟ್‌ನ ಹೆಜ್ಜೆಗಳಲ್ಲಿ. 12 ವೋಲ್ಟನ್ನು ಬೋರ್ಡಿನ ಮೇಲೆ ಎರಡು ರೆಸಿಸ್ಟರ್ ಹಾಕಿ ಇಳಿಸಿ ಕೊಟ್ಟಿರುತ್ತಾರೆ. ಲಿನಕ್ಸ್‌ಗೆ ಆ ರೆಸಿಸ್ಟರ್ ಕಾಣುವುದಿಲ್ಲ. ಅದು ‘ಇನ್4, 1.008 ವೋಲ್ಟ್’ ಅನ್ನುತ್ತದೆ. ಬಯಾಸ್ ಪುಟ ತೆರೆದು ನೋಡಿದರೆ 12.096 ಅಂತಿರುತ್ತದೆ. ಹನ್ನೆರಡು ಪಟ್ಟು. ಆಗ ಅದೇ ಫೈಲಿನಲ್ಲಿ ‘ಲೇಬಲ್’ ಸಾಲಿನಿಂದ ಅದಕ್ಕೆ 12 ವೋಲ್ಟ್ ಅಂತ ಹೆಸರಿಟ್ಟು, ‘ಕಂಪ್ಯೂಟ್’ ಸಾಲಿನಿಂದ 12ರಿಂದ ಗುಣಿಸಲು ಹೇಳಬೇಕು. ಅಲ್ಪವಿರಾಮ ಹಾಕಿ, ವಾಪಸ್ ಭಾಗಿಸುವ ಸೂತ್ರವನ್ನೂ ಕೊಡಬೇಕು. ಗುಣಕ ಬೋರ್ಡಿನಿಂದ ಬೋರ್ಡಿಗೆ ಬೇರೆ, ಹಾಗಾಗಿ ಬಯಾಸ್ ಜೊತೆ ತಾಳೆ ನೋಡದೆ ಹಾಕಬೇಡಿ. ವರ್ಚುವಲ್ ಮಷೀನ್ ಒಳಗೆ ಕೂತು ಸೆನ್ಸರ್ ಹುಡುಕುವವರಿಗೆ ಒಂದೇ ಸಾಲು: ಅಲ್ಲಿ ಸಿಗುವುದಿಲ್ಲ, ಹೋಸ್ಟ್‌ನಲ್ಲಿ ನೋಡಿ.

ಮತ್ತೆ ನಿಮ್ಮ ಸರ್ವರ್‌ಗೆ ಬರೋಣ. ಬಿಸಿ ಏರಿದಾಗ ನಿಮಗೆ ತಿಳಿಸಲು ಒಂದು ಸಣ್ಣ ಸ್ಕ್ರಿಪ್ಟ್ ಸಾಕು. ಸಿಸ್ಟಮ್‌ಡಿ ಟೈಮರ್‌ನಿಂದ ನಿಮಿಷಕ್ಕೊಮ್ಮೆ ಓಡಲಿ, ಐಪಿಎಂಐಟೂಲ್ ಪಟ್ಟಿಯಲ್ಲಿ ‘ಓಕೆ’, ‘ಎನ್‌ಎಸ್’ ಬಿಟ್ಟು ಬೇರೆ ಸ್ಥಿತಿ ಕಂಡರೆ ಮೇಲ್ ಕಳಿಸಲಿ. ಡಿಸ್ಕಿಗೆ ಕರ್ನಲ್ ಕೊಡುವ ಫೈಲನ್ನೇ ಓದಬಹುದು. ಅಲ್ಲಿ 45000 ಅಂತ ಇದ್ದರೆ ಅದು 45 ಡಿಗ್ರಿ, ಸಾವಿರದಿಂದ ಭಾಗಿಸಿ. ಆದರೆ ಸ್ಕ್ರಿಪ್ಟ್‌ನಲ್ಲಿ ‘ಎಚ್‌ಡಬ್ಲ್ಯೂಮಾನ್2’ ಅಂತ ನಂಬರ್ ಬರೆದು ಬಿಡಬೇಡಿ. ಆ ನಂಬರ್ ಮಾಡ್ಯೂಲ್‌ಗಳು ಬಂದ ಕ್ರಮದ ಮೇಲೆ ಬೀಳುತ್ತದೆ. ಇವತ್ತು ಡಿಸ್ಕ್ ಆಗಿದ್ದದ್ದು ನಾಳೆ ರೀಬೂಟ್ ಆದ ಮೇಲೆ ಸಿಪಿಯು ಆಗಬಹುದು. ಪ್ರತಿ ಫೋಲ್ಡರಿನಲ್ಲಿ ‘ನೇಮ್’ ಅಂತ ಒಂದು ಫೈಲ್ ಇರುತ್ತದೆ, ಅದನ್ನು ಓದಿ ಹುಡುಕಿ. ಗ್ರಾಫ್ ಬೇಕು ಅನಿಸಿದರೆ ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಒಂದೇ ಸರ್ವರ್‌ಗೆ ಅಷ್ಟು ಬೇಕಾ ಅನ್ನುವುದು ನನ್ನ ಅನುಮಾನ.

ಬಿಎಂಸಿಯ ಲ್ಯಾನ್ ಪೋರ್ಟ್ ವಿಷಯದಲ್ಲಿ ಮಾತ್ರ ಹುಷಾರು. ಸೆಕೆಂಡ್ ಹ್ಯಾಂಡ್ ಯಂತ್ರ ಅಂದಮೇಲೆ ಹಳೇ ಮಾಲೀಕರ ಪಾಸ್‌ವರ್ಡೋ, ಫ್ಯಾಕ್ಟರಿಯದ್ದೋ ಇನ್ನೂ ಇರುತ್ತದೆ. ‘ಐಪಿಎಂಐಟೂಲ್ ಯೂಸರ್ ಲಿಸ್ಟ್ 1’ ಹೊಡೆದು ಯಾರ್‍ಯಾರು ಇದ್ದಾರೆ ನೋಡಿ, ಪಾಸ್‌ವರ್ಡ್ ಬದಲಿಸಿ. ಐಪಿಎಂಐ 2.0ದ ಲಾಗಿನ್ ರೀತಿಯಲ್ಲೇ ಒಂದು ತೂತಿದೆ. ಯೂಸರ್ ಹೆಸರು ಗೊತ್ತಿದ್ದವರಿಗೆ ಪಾಸ್‌ವರ್ಡ್‌ನ ಹ್ಯಾಶ್ ಅನ್ನು (ಊಹೆಗಳನ್ನು ತಾಳೆ ನೋಡಿ ಪಾಸ್‌ವರ್ಡ್ ಕಂಡುಹಿಡಿಯಬಹುದಾದ ಗುರುತು) ಬಿಎಂಸಿಯೇ ಕೊಟ್ಟುಬಿಡುತ್ತದೆ. ಹಾಗಾಗಿ ಯುಡಿಪಿ 623 ಪೋರ್ಟ್ ಇಂಟರ್‌ನೆಟ್‌ಗೆ ಕಾಣಬಾರದು. ಇನ್ನೂ ಒಂದು ಸೂಕ್ಷ್ಮ ಇದೆ. ಬಿಎಂಸಿಯ ಪೋರ್ಟಿಗೆ ಕೇಬಲ್ ಹಾಕದಿದ್ದರೆ ಸಾಕು ಅಂದುಕೊಳ್ಳಬೇಡಿ. ಕೆಲವು ಬೋರ್ಡ್‌ಗಳಲ್ಲಿ ಅದು ಮೆಲ್ಲಗೆ ಮಾಮೂಲಿ ಲ್ಯಾನ್ ಪೋರ್ಟನ್ನೇ ಹಂಚಿಕೊಳ್ಳುತ್ತದೆ. ರೌಟರ್‌ನ ಪಟ್ಟಿಯಲ್ಲಿ ಗೊತ್ತಿಲ್ಲದ ಒಂದು ಐಪಿ ಜಾಸ್ತಿ ಕಂಡರೆ ಅದೇ.

ಕೊನೆಯದಾಗಿ ಎರಡು ಕಮಾಂಡ್ ಹೊಡೆದು ನೋಡಿ, ಹಳೇ ಸರ್ವರ್ ತಂದವರೆಲ್ಲ ನೋಡಬೇಕಾದ್ದು. ಎಸ್‌ಡಿಆರ್ ಪಟ್ಟಿಯ ವಿಬ್ಯಾಟ್ ಸಾಲು ಅಂದರೆ ಬೋರ್ಡಿನ ಸಿಆರ್2032 ಬ್ಯಾಟರಿ. ಹೊಸದು 3 ವೋಲ್ಟ್ ಕೊಡುತ್ತದೆ. 2.7ರ ಕೆಳಗೆ ಇಳಿದಿದ್ದರೆ ಈಗಲೇ ಬದಲಿಸಿ, ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಇನ್ನೊಂದು ‘ಐಪಿಎಂಐಟೂಲ್ ಎಸ್‌ಇಎಲ್ ಲಿಸ್ಟ್’. ಇದು ಬಿಎಂಸಿಯ ದಿನಚರಿ. ನಿಮ್ಮ ಯಂತ್ರ ಹಿಂದಿನ ಮನೆಯಲ್ಲಿ ಎಷ್ಟು ಸಲ ಕಾದಿತ್ತು, ಯಾವ ಮೆಮೊರಿ ಸ್ಲಾಟ್ ತೊಂದರೆ ಕೊಟ್ಟಿತ್ತು, ಪವರ್ ಸಪ್ಲೈ ಎಷ್ಟು ಸಲ ಹೋಗಿತ್ತು ಅಂತ ಮಾರಿದವರು ಹೇಳದಿದ್ದದ್ದೆಲ್ಲ ಅಲ್ಲಿರಬಹುದು. ತಾರೀಕು 1970 ಅಂತ ತೋರಿಸಿದರೆ ಬಿಎಂಸಿಯ ಗಡಿಯಾರ ಸರಿಮಾಡಬೇಕಷ್ಟೆ. ಕೆಳಗಿನ ಸಾಲುಗಳೆಲ್ಲ ಫ್ಯಾನ್1 ಇಳಿಯಿತು, ಫ್ಯಾನ್1 ಏರಿತು ಅಂತ ನಿಮ್ಮದೇ ಭರ್ರ್ ಸದ್ದಿನ ಲೆಕ್ಕ ಇರುತ್ತದೆ. ಅವೇ ತುಂಬಿ ಲಾಗ್‌ನಲ್ಲಿ ಜಾಗ ಮುಗಿದಿದ್ದರೂ ಆಶ್ಚರ್ಯವಿಲ್ಲ. ಮಿತಿ ಇಳಿಸಿದ ಮೇಲೆ ಇಡೀ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿ, ಆಮೇಲೆ ‘ಎಸ್‌ಇಎಲ್ ಕ್ಲಿಯರ್’ ಮಾಡಿ. ಒಂದು ದಿನ ಬಿಟ್ಟು ಮತ್ತೆ ನೋಡಿ. ಫ್ಯಾನ್ ಸಾಲು ಆಗಲೂ ಬಂದಿದ್ದರೆ ‘ಐಪಿಎಂಐಟೂಲ್ ಸೆನ್ಸರ್’ ಔಟ್‌ಪುಟ್, ಎಸ್‌ಇಎಲ್ ಫೈಲ್, ಫ್ಯಾನ್ ಡಬ್ಬಿಯ ಹಿಂಬದಿಯ ಫೋಟೊ ಮೂರನ್ನೂ ಸೇರಿಸಿ ಬರೆಯಿರಿ.